ಯೋಬನ ಬಾಯಿಗೆ ಮಾತು ತುಂಬಿದ ಟೇಪ್ ರೆಕಾರ್ಡರ್ ಅವರ ಸನ್ನಿಧಿಗೆ

ಹೊಸನಗರ,
ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ, ೧೯೮೭

ಮಾನ್ಯರೇ, ಮಸ್ಕತ್ತಿನಿಂದ ವಿಮಾನದಲ್ಲಿ ಬಂದಿಳಿದ ಮಹಾಶಯರೇ, ಎರಡು ಬಾಯಿಗಳನ್ನು ಸದಾ ತೆರೆಯಲು ಸಿದ್ಧರಿದ್ದು, ಕಿವಿಯನ್ನು ಮಾತ್ರ ಕೆಂಪು ಗುಂಡಿ ಒತ್ತಿದರಷ್ಟೇ ತೆರೆಯುವವರೇ,

ತಾವು ಎಸ್ತೇರಮ್ಮ ಟೀಚರ್ ಅವರ ಮನೆಯ ಕಪಾಟಿನ ಮೇಲೆ, ಕಸೂತಿ ಹಾಕಿದ ಬಟ್ಟೆ ಹೊದ್ದು, ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಹಣೆಯ ಮೇಲಿನ ಗಡಿಯಾರ ಈಗಲೂ ಹನ್ನೆರಡು ಗಂಟೆಯನ್ನೇ ಮಿಣುಕಿಸುತ್ತಿರಬೇಕು. ಜೋಗದಲ್ಲಿ ಹುಟ್ಟಿದ ಕರೆಂಟು ನಮ್ಮ ತಲೆಯ ಮೇಲಿನ ತಂತಿಯಲ್ಲೇ ಹಾದು ಬೆಂಗಳೂರಿಗೆ ಹೋಗುತ್ತದೆಯೇ ಹೊರತು, ದಾರಿಯಲ್ಲಿ ಇಳಿದು ನಮ್ಮ ಮನೆಯ ಒಂದು ಲೋಟ ನೀರು ಕುಡಿದು ಹೋಗುವ ಸೌಜನ್ಯ ಅದಕ್ಕಿಲ್ಲ. ಅದು ಹೋಗಿ ಬಂದಾಗಲೆಲ್ಲ ತಾವು ಕಾಲವನ್ನೇ ಮೊದಲಿನಿಂದ ಶುರು ಮಾಡುತ್ತೀರಿ, ಅಂಥ ಭಾಗ್ಯ ನನಗಿದ್ದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನನ್ನನ್ನು ತಾವು ಮರೆತಿರಲಾರಿರಿ. ನಾನು ಮುಕುಂದಯ್ಯ, ಬಸ್ ಸ್ಟ್ಯಾಂಡಿನ ಹಿಂದಿನ ಅಕ್ಕಿ ಗಿರಣಿಯವನು. ನವರಾತ್ರಿಯಿಂದ ದೀಪಾವಳಿಯವರೆಗೆ ತಾವು ನನ್ನ ಗಿರಣಿಯ ಪಕ್ಕದ ಕೋಣೆಯಲ್ಲಿ, ತೌಡಿನ ಧೂಳು ಕೂರದಂತೆ ನನ್ನದೇ ಒಗೆದ ಪಂಚೆಯನ್ನು ಹೊದ್ದುಕೊಂಡು ಅತಿಥಿಯಾಗಿದ್ದಿರಿ. ಆ ಆತಿಥ್ಯಕ್ಕೆ ತಾವು ಸಲ್ಲಿಸಿದ ಪ್ರತ್ಯುಪಕಾರವನ್ನು ಸಾರ್ವಜನಿಕರ ಮುಂದಿಟ್ಟು ಕೊಂಡಾಡುವುದೇ ಈ ಬಹಿರಂಗ ಪತ್ರದ ಉದ್ದೇಶ.

ಮೊದಲು ನಮ್ಮ ಸಂಬಂಧ ಕುದುರಿದ ಬಗೆಯನ್ನು ನೆನೆಯೋಣ. ನಮ್ಮೂರಿನ ಸಂಘದವರು ವರ್ಷಕ್ಕೊಮ್ಮೆ ಶಾಲೆಯ ಹಾಲಿನಲ್ಲಿ ತಾಳಮದ್ದಳೆ ನಡೆಸುತ್ತೇವೆ. ಭಾಗವತರು ಪದ ಹಾಡುತ್ತಾರೆ, ಆ ಪದದ ಮೇಲೆ ನಾವು ಅರ್ಥಧಾರಿಗಳು ವೇಷ, ಕುಣಿತ ಯಾವುದೂ ಇಲ್ಲದೆ ಕುಳಿತಲ್ಲೇ ಪಾತ್ರವಾಗಿ ಒಬ್ಬರಿಗೊಬ್ಬರು ವಾದ ಹೂಡುತ್ತೇವೆ. ನನ್ನ ಎದುರಿಗೆ ಯಾವಾಗಲೂ ಕೂರುವವರು ಜವಳಿ ಅಂಗಡಿ ಸುಬ್ಬರಾಯರು. ನಾನು ಕೃಷ್ಣನಾದರೂ ಸೋಲುತ್ತೇನೆ, ಕೌರವನಾದರೂ ಸೋಲುತ್ತೇನೆ. ಪುರಾಣದಲ್ಲಿ ಗೆದ್ದವನ ಪಾತ್ರವನ್ನೇ ನನಗೆ ಕೊಟ್ಟಾಗಲೂ ಸುಬ್ಬರಾಯರ ಮಾತಿನ ಮುಂದೆ ನನ್ನ ವಾದ ದಿಕ್ಕು ತಪ್ಪಿ, ಕಥೆಯನ್ನು ಸರಿಯಾದ ಕಡೆಗೆ ತಿರುಗಿಸಲು ಭಾಗವತ ಜಯಪ್ಪನವರು ಅಡ್ಡ ಬಾಯಿ ಹಾಕಿ ಹಾಡಬೇಕಾಗುತ್ತದೆ. ಸಾಯುವುದರೊಳಗೆ ಒಮ್ಮೆಯಾದರೂ ಸುಬ್ಬರಾಯರನ್ನು ಗೆಲ್ಲಬೇಕೆಂಬುದು ನನ್ನ ಆಸೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನ ಹೆಂಡತಿ ಶೇಷಮ್ಮ ಈಗಾಗಲೇ ಊರಿಗೆಲ್ಲ ಹೇಳಿದ್ದಾಳೆ.

ಹೋದ ವರ್ಷದ ತಾಳಮದ್ದಳೆ ಮುಗಿದಾಗ, ಪ್ರತಿವರ್ಷ ಮೊದಲ ಸಾಲಿನಲ್ಲಿ ಕೂತು ಕೇಳುವ ತಮ್ಮ ಯಜಮಾನಿ ಎಸ್ತೇರಮ್ಮ ಟೀಚರ್, “ನಮ್ಮ ಕಡೇ ಕಥೆ ಒಂದಾದ್ರೂ ಮಾಡಬಾರ್ದಾ ನೀವು? ಯೋಬನ ಕಥೆಲಿ ವಾದ ಬಿಟ್ರೆ ಬೇರೇನೂ ಇಲ್ಲ” ಅಂದರು. ನಿಜವೇ. ಏನೂ ತಪ್ಪು ಮಾಡದ ಯೋಬನೆಂಬ ಸಾಹುಕಾರ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತಿರುವಾಗ ಗೆಳೆಯರು ಬಂದು, ‘ನೀನು ಏನೋ ಮಾಡಿರಲೇಬೇಕು’ ಎಂದು ವಾದಿಸುತ್ತಾರಂತೆ. ಇಷ್ಟು ದಿನ ಈ ಕಥೆ ನಮ್ಮ ಕೈಗೆ ಸಿಗದೆ ಎಲ್ಲಿ ಅಡಗಿತ್ತೋ ಎಂದು ಜಯಪ್ಪನವರು ಆಶ್ಚರ್ಯಪಟ್ಟು ಪದ ಕಟ್ಟಲು ಕೂತೇಬಿಟ್ಟರು. ಯೋಬ ನಾನು, ಗೆಳೆಯ ಸುಬ್ಬರಾಯರು ಎಂದಾಯಿತು. ನ್ಯಾಯ ಯೋಬನ ಕಡೆಗಿದೆ ಎಂದು ಕೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಬೈಬಲಿನ ಒಳಹೊರಗು ತಿಳಿಯದೆ ಅರ್ಥ ಹೇಳುವುದು ಹೇಗೆ? ಪುಸ್ತಕ ಓದಿ ಕಲಿಯುವ ಜಾತಿ ನನ್ನದಲ್ಲ. ನಾಲ್ಕು ಸಾಲು ಓದುವುದರೊಳಗೆ ನಿದ್ದೆ ಬರುತ್ತದೆ. ನಾನು ಕಿವಿಯಿಂದ ಕಲಿತವನು, ಗುರುಗಳ ಹಿಂದೆ ಊರೂರು ತಿರುಗಿ, ಅವರು ಆಡಿದ್ದನ್ನು ಆಡಿದ ಹಾಗೇ ಹಿಡಿದವನು. ಗುರುಗಳಿಗೆ ನಶ್ಯದ ಅಭ್ಯಾಸವಿದ್ದುದರಿಂದ ಸಂಧಾನದ ಕೃಷ್ಣ ‘ಎಲೈ ಕೌರವಾ’ ಎಂದ ಮೇಲೆ ಒಮ್ಮೆ ಸೀನುತ್ತಾನೆ ಎಂದೇ ನಾನು ತಿಳಿದಿದ್ದೆ, ನಶ್ಯವಿಲ್ಲದೆಯೂ ಬಹಳ ವರ್ಷ ಅದೇ ಜಾಗದಲ್ಲಿ ಸೀನಿದ್ದೇನೆ. ತೀರ್ಥಹಳ್ಳಿಯ ಕಡೆ ಅದನ್ನು ನನ್ನ ಶೈಲಿ ಎಂದು ಹೊಗಳುವವರೂ ಇದ್ದಾರೆ.

ಹೀಗಿರುವಾಗ ಟೀಚರ್ ತಮ್ಮನ್ನು ನನ್ನ ತೋಳಿಗೆ ಒಪ್ಪಿಸಿದರು. ಜತೆಗೆ ಒಂದು ಚೀಲದ ತುಂಬ ಬೈಬಲ್ ವ್ಯಾಖ್ಯಾನದ ಕಾಪಿ ಮಾಡಿಸಿದ ಕ್ಯಾಸೆಟ್ಟುಗಳು. “ಇದು ಡಿಜಿಟಲ್, ಮುಕುಂದಯ್ಯನೋರೇ, ಜೋಪಾನ. ಕೆಂಪು ಗುಂಡಿ ಮಾತ್ರ ಮುಟ್ಟಬೇಡಿ, ಒಳಗಿರೋ ಅಯ್ಯನೋರು ಅಳಿಸಿ ಹೋಗ್ತಾರೆ” ಎಂದು ಎಚ್ಚರಿಸಿದರು. ಡಿಜಿಟಲ್ ಎಂದರೆ ಏನೆಂದು ಅವರಿಗೂ ಗೊತ್ತಿಲ್ಲ, ತಮ್ಮ ಹಣೆಯ ಮೇಲೆ ಬರೆದಿದೆ, ಅಷ್ಟೇ. ಅಂತೂ ಡಿಜಿಟಲ್ ವ್ಯಾಖ್ಯಾನ ಕೇಳಿದವರಲ್ಲಿ ಈ ತಾಲ್ಲೂಕಿಗೆ ನಾನೇ ಮೊದಲಿಗನೆಂಬ ಹೆಮ್ಮೆ ತಮ್ಮಿಂದ ನನಗೆ ದೊರೆಯಿತು.

ವ್ಯಾಖ್ಯಾನವನ್ನು ಆರಿಸಿಕೊಳ್ಳುವುದು ಹೆಣ್ಣು ನೋಡುವುದಕ್ಕಿಂತ ಕಷ್ಟವೆಂದು ತಾವು ನನಗೆ ಕಲಿಸಿದಿರಿ. ಮೊದಲು ಹಾಕಿದ ಪಂಡಿತರು ಬಹಳ ಆಳವಾದವರು. ಯೋಬನ ಊರು ಯಾವುದೆಂದು ಕ್ಯಾಸೆಟ್ಟಿನ ಒಂದು ಕಡೆ ಪೂರ್ತಿ ವಿಚಾರಿಸಿ, ಆ ಊರು ಎಲ್ಲಿತ್ತೋ ಯಾರಿಗೂ ಗೊತ್ತಿಲ್ಲ ಎಂದು ಮುಗಿಸಿದರು. ಅಷ್ಟು ಹೊತ್ತಿನಲ್ಲಿ ನಾನು ಸಾಗರಕ್ಕೆ ಹೋಗಿ, ವರದಮೂಲದಲ್ಲಿ ಕೈಮುಗಿದು, ಬಸ್ಸು ಸಿಕ್ಕಿದ್ದರೆ ವಾಪಸು ಬಂದಿರುತ್ತಿದ್ದೆ. ಎರಡನೆಯವರು ಅವಸರದ ಮನುಷ್ಯ, ಯೋಬನ ಒಂಟೆಗಳನ್ನು ಕೂಡಿ ಕಳೆದು ಪ್ರಪಂಚ ಮುಳುಗುವ ತಾರೀಖು ಹೇಳಿಬಿಟ್ಟರು. ಅದು ಅಡಿಕೆ ಕೊಯ್ಲಿನ ನಡುವೆ ಬೀಳುತ್ತಿದ್ದುದರಿಂದ ನಮ್ಮ ಕಡೆಯವರಿಗೆ ಒಪ್ಪಿಗೆಯಾಗದೆಂದು ಅವರನ್ನೂ ಬಿಟ್ಟೆ. ಕೊನೆಗೆ ಮನಸ್ಸಿಗೆ ಹಿಡಿಸಿದವರು ಮೃದು ಕಂಠದ ಒಬ್ಬ ಪಾದ್ರಿ ಅಯ್ಯನವರು. ಮಾತು ಬೆಲ್ಲದ ಪಾಕ. ಯೋಬನ ದುಃಖವನ್ನು ಅವರು ಹೇಳುವಾಗ ಗಿರಣಿಯ ಕೆಲಸದ ಕೆರಿಯಪ್ಪ ಜರಡಿ ಹಿಡಿದುಕೊಂಡೇ ಕಣ್ಣೊರೆಸಿಕೊಂಡ. ಇವರೇ ಸರಿ ಎಂದು ನಾನು ನಿಶ್ಚಯಿಸಿದೆ.

ಇಲ್ಲಿಂದ ಮುಂದೆ ತಮ್ಮ ನಡವಳಿಕೆಯ ಬಗ್ಗೆ ವಿನಯಪೂರ್ವಕವಾಗಿ ಕೆಲವು ಮಾತು. ಅಯ್ಯನವರು ಘಳಿಗೆಗೊಮ್ಮೆ, ‘ಪ್ರಿಯ ಕೇಳುಗರೇ, ತಾವೇ ಹೇಳಿ, ಯೋಬನ ತಪ್ಪೇನು?’ ಎಂದು ಕೇಳುತ್ತಾರೆ. ನಮ್ಮಲ್ಲಿ ಎದುರಿನವರು ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಕೂರುವುದು ಅವಮಾನ, ಉತ್ತರಕ್ಕೆ ಅವಕಾಶ ಕೊಡದಿರುವುದು ಅದಕ್ಕಿಂತ ದೊಡ್ಡ ಅವಮಾನ. ನಾನು ಶಾಲು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ‘ಪೂಜ್ಯರೇ’ ಎಂದು ಬಾಯಿ ತೆರೆಯುವುದರೊಳಗೆ ಅವರು ತಾವೇ ಉತ್ತರ ಹೇಳಿಕೊಂಡು ಮುಂದಿನ ಅಧ್ಯಾಯಕ್ಕೆ ಹೋಗಿರುತ್ತಿದ್ದರು. “ಅಯ್ಯಾ, ಇವ್ರು ಕೇಳ್ತಾರೆ, ಉತ್ರಕ್ಕೆ ನಿಲ್ಲದೇ ಇಲ್ಲ. ಎದ್ರಿಗೆ ಕೂತೋರು ಎಂತ ಮಾಡ್ಬೇಕು?” ಎಂದು ಕೆರಿಯಪ್ಪ ನ್ಯಾಯವಾಗಿಯೇ ಕೇಳಿದ. ತಡೆಯಲಾರದೆ ನಾನು ತಮ್ಮ ಗುಂಡಿ ಒತ್ತಿ ನಿಲ್ಲಿಸಿ, ನಿಂತೇ ಉತ್ತರ ಕೊಡತೊಡಗಿದರೆ, ತಾವು ಟಪ್ಪೆಂದು ಬಾಗಿಲು ತೆರೆದು ಹಲ್ಲು ಕಿರಿದಿರಿ. ನಾನು ಕೂಗಾಡುತ್ತಿದ್ದುದನ್ನು ಕೇಳಿ ಬಂದ ಶೇಷಮ್ಮ, “ಪೆಟ್ಟಿಗೆ ಹತ್ರಾನೂ ಸೋತ್ರಾ? ಏಳಿ, ಅನ್ನ ಆರ್ತಿದೆ” ಅಂದಳು.

ತಮ್ಮ ಉಪಕಾರ ಅಲ್ಲಿಗೂ ನಿಲ್ಲಲಿಲ್ಲ. ಕರೆಂಟು ಹೋದಾಗ ತಮ್ಮ ಹೊಟ್ಟೆಗೆ ಸೆಲ್ಲು ತುಂಬಿಸಿದೆ. ಸೆಲ್ಲು ಸವೆದಂತೆ ಅಯ್ಯನವರ ಸ್ವರ ಇಳಿಯುತ್ತಾ, ಎಳೆಯುತ್ತಾ, ಯೋಬ ಮಕ್ಕಳನ್ನು ಕಳೆದುಕೊಳ್ಳುವ ಹೊತ್ತಿಗೆ ನೀರಿನಡಿಯಿಂದ ಎಮ್ಮೆ ಮಾತಾಡಿದಂತಾಗುತ್ತಿತ್ತು. ನಾನು ಅದನ್ನೂ ಕಲಿತೆ. ನನ್ನ ಕಿವಿ ಹಿಡಿದದ್ದನ್ನು ಬಿಡುವುದಿಲ್ಲ, ಮೊದಲೇ ಹೇಳಿದ್ದೇನೆ.

ಇನ್ನು ತಾಳಮದ್ದಳೆಯ ಆ ಸಂಜೆ. ಶಾಲೆಯ ಹಾಲ್ ತುಂಬಿತ್ತು, ಕವಲೇದುರ್ಗದಿಂದಲೂ ಜೀಪು ಮಾಡಿಕೊಂಡು ಬಂದಿದ್ದರು. ಜಯಪ್ಪನವರ ಪದವಾಯಿತು. ನಾನು ಮಕ್ಕಳ ಸಾವಿಗೆ ಸ್ವರ ಇಳಿಸಿ, ಎಳೆದು, ಸೆಲ್ಲು ಸವೆದ ಹದದಲ್ಲಿ ಅರ್ಥ ಹೇಳಿದಾಗ ಹೆಂಗಸರ ಕಡೆಯಿಂದ ಮೂಗು ಸೀದುವ ಸದ್ದು ಕೇಳಿತು. ಸುಬ್ಬರಾಯರು ಮೊದಲ ಬಾರಿಗೆ ನನ್ನನ್ನು ಕಣ್ಣರಳಿಸಿ ನೋಡಿದರು. ಗೆದ್ದೆ ಎಂದುಕೊಂಡೆ. ಆ ಹುಮ್ಮಸ್ಸಿನಲ್ಲಿ ಕೈಯೆತ್ತಿ, “ಎಲೈ ಮಿತ್ರನೇ, ನನ್ನ ತಪ್ಪನ್ನು ತೋರಿಸು! ತೋರಿಸಲಾರೆಯಾದರೆ ಸುಮ್ಮನಿರು!” ಎಂದು ಗುಡುಗಿದೆ. ಗುಡುಗಿದವನು ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಅಯ್ಯನವರು ಅಲ್ಲಿಗೆ ನಿಲ್ಲಿಸುವುದಿಲ್ಲವಲ್ಲ! ಅದೇ ಉಸಿರಿನಲ್ಲಿ, ಅದೇ ಬೆಲ್ಲದ ಪಾಕದಲ್ಲಿ, ತುಂಬಿದ ಸಭೆಗೆ ನಾನು ಹೇಳಿದೆ: “ಈಗ ದಯವಿಟ್ಟು ಕ್ಯಾಸೆಟ್ಟನ್ನು ತಿರುಗಿಸಿ ಹಾಕಿಕೊಳ್ಳಿ.”

ಮಾನ್ಯರೇ, ಆಗ ನನಗಾದದ್ದನ್ನು ಯೋಬನೂ ಅನುಭವಿಸಿರಲಾರ. ಅವನಿಗೆ ಹೋದದ್ದು ಆಸ್ತಿ, ನನಗೆ ಹೋದದ್ದು ಮಾನ. ಹಿಂದಿನ ಬೆಂಚಿನಲ್ಲಿ ಯಾರೋ ನಗು ಹೊರಡಿಸಲು ಬಾಯಿ ತೆರೆಯುತ್ತಿದ್ದುದು ನನಗೆ ಕಂಡಿತು. ಎದುರಿಗೆ ಸುಬ್ಬರಾಯರು. ಒಂದೇ ಒಂದು ಮಾತು ಸಾಕಿತ್ತು, ಮುಂದಿನ ತಲೆಮಾರಿನವರೆಗೂ ನಾನು ಕ್ಯಾಸೆಟ್ ಮುಕುಂದಯ್ಯನಾಗಿ ಉಳಿಯುತ್ತಿದ್ದೆ. ಅವರು ಆ ಮಾತನ್ನು ಆಡಲಿಲ್ಲ. ಕೂತಲ್ಲಿಂದಲೇ ಮುಂದೆ ಬಾಗಿ, ನನ್ನ ಮಂಡಿಯ ಮೇಲೆ ಕೈಯಿಟ್ಟು, ಒದ್ದೆ ದನಿಯಲ್ಲಿ, “ಅಯ್ಯೋ ಮಿತ್ರಾ! ನಿನ್ನ ದುಃಖ ಎಷ್ಟು ದೊಡ್ಡದು! ನಮ್ಮ ಕಾಲದಲ್ಲಿ ಇನ್ನೂ ಹುಟ್ಟದ ವಸ್ತುಗಳ ಹೆಸರು ನಿನ್ನ ಬಾಯಲ್ಲಿ ಬರುತ್ತಿದೆ. ಇಂಥವನ ಹತ್ತಿರ ವಾದಕ್ಕೆ ಬಂದ ನಾನೆಂಥ ಗೆಳೆಯ? ಇಗೋ, ನಾನು ಸುಮ್ಮನಾದೆ” ಎಂದು ತಲೆ ತಗ್ಗಿಸಿ ಕೂತುಬಿಟ್ಟರು. ಕೆರಿಯಪ್ಪನ ಹೆಂಡತಿ ಕೆರಿಯಮ್ಮ, “ಪಾಪ, ತಲೇನೇ ಕೆಟ್ಟೋತಲ್ಲ ಆ ಯೋಬಂಗೆ!” ಎಂದು ಗಟ್ಟಿಯಾಗಿ ಅತ್ತಳು. ಜಯಪ್ಪನವರು ಮಂಗಳ ಹಾಡಿದರು.

ಜನ ಬಂದು ನನ್ನ ಕೈ ಹಿಡಿದರು. ಹುಚ್ಚು ಹಿಡಿದದ್ದನ್ನು ಒಂದೇ ಮಾತಿನಲ್ಲಿ ತೋರಿಸಿದ ಇಂಥ ಅರ್ಥ ಕೇಳಿಯೇ ಇಲ್ಲ ಎಂದರು. ಶಾಲು ಹೊದಿಸಿದರು. ಮೊದಲೇ ಮಾತಾಡಿಕೊಂಡಿದ್ದಿರಾ ಎಂದು ಯಾರೋ ಕೇಳಿದ್ದಕ್ಕೆ ಸುಬ್ಬರಾಯರು, “ಹೌದೌದು. ಅದೆಲ್ಲಾ ಮುಕುಂದಯ್ಯಂದೇ ತಲೆ. ನಂಗೆ ಮೊದ್ಲೇ ಹೇಳ್ಕೊಟ್ಟಿದ್ರು” ಅಂದುಬಿಟ್ಟರು. ದಿನಾ ಸಂಜೆ ಗಿರಣಿಯ ಕಿಟಕಿಯ ಕೆಳಗೇ ಹಾದು ಮನೆಗೆ ಹೋಗುವ ಅವರಿಗೆ ಅಯ್ಯನವರ ಆ ವಾಕ್ಯ ನನ್ನಷ್ಟೇ ಬಾಯಿಪಾಠವಾಗಿರಬೇಕು. ಆದರೂ ಇವತ್ತಿನವರೆಗೆ ಆ ಬಗ್ಗೆ ಒಂದು ಮಾತಿಲ್ಲ, ಒಂದು ನಗುವಿಲ್ಲ. ಬರುತ್ತಾರೆ, ಕೂರುತ್ತಾರೆ, ಎಲೆಯಡಿಕೆ ಹಾಕುತ್ತಾರೆ, ಹೋಗುತ್ತಾರೆ. ಯಾರನ್ನು ಗೆಲ್ಲಬೇಕೆಂದು ನಾನು ಹಂಬಲಿಸಿದ್ದೆನೋ ಆ ಮನುಷ್ಯನೇ ನನಗೆ ಗೆಲುವನ್ನು ಎತ್ತಿ ಕೊಟ್ಟುಬಿಟ್ಟಿದ್ದಾನೆ. ನೆನೆದಾಗಲೆಲ್ಲ ಮತ್ತೆ ಸೋತೆನಲ್ಲ ಎನಿಸುತ್ತದೆ, ಅಷ್ಟೇ ಪ್ರೀತಿಯೂ ಉಕ್ಕುತ್ತದೆ. ಕಷ್ಟದಲ್ಲಿರುವವನಿಗೆ ಗೆಳೆಯ ಏನು ಮಾಡಬೇಕು ಎಂದು ತಮ್ಮ ಅಯ್ಯನವರು ಒಂದು ಕಡೆ ಪೂರ್ತಿ ಪ್ರವಚನ ಮಾಡಿದ್ದಾರೆ, ಸುಬ್ಬರಾಯರು ಅದನ್ನು ಒಂದು ಅಂಗೈಯಲ್ಲಿ ಮುಗಿಸಿದರು.

ಆದ್ದರಿಂದ ನನ್ನ ಬೇಡಿಕೆಗಳು ಹೀಗಿವೆ. ಇನ್ನು ಮುಂದೆ ತಾವು ಪ್ರಶ್ನೆ ಕೇಳಿದರೆ ಉತ್ತರ ಬರುವವರೆಗೆ ಕಾಯಬೇಕು. ಕರೆಂಟು ಹೋದರೂ ಹಿಡಿದ ವಾಕ್ಯವನ್ನು ಸ್ವಂತ ಶಕ್ತಿಯಿಂದ ಮುಗಿಸಬೇಕು. ನನಗೆ ಹೊದಿಸಿದ ಶಾಲಿನಲ್ಲಿ ಅರ್ಧ ತಮಗೆ ಸೇರಬೇಕಾದ್ದು, ಇನ್ನರ್ಧ ಸುಬ್ಬರಾಯರದ್ದು, ತಾವು ಬಂದು ಹರಿದುಕೊಂಡು ಹೋಗಬೇಕು. ಮತ್ತು ಆ ಸಂಜೆ ಗೆದ್ದವರು ಯಾರೆಂಬುದನ್ನು ತಮ್ಮ ಎರಡೂ ಬಾಯಿಗಳಿಂದ ಬಸ್ ಸ್ಟ್ಯಾಂಡಿನಲ್ಲಿ ಸಾರಬೇಕು. ಇದು ತಮ್ಮಿಂದ ಆಗದೆಂದು ತಿಳಿದೇ ಈ ಪತ್ರವನ್ನು ಬಹಿರಂಗವಾಗಿ ಬರೆದು, ಆ ಕೆಲಸವನ್ನು ನಾನೇ ಮಾಡಿದ್ದೇನೆ.

ತಮ್ಮ ವಿಶ್ವಾಸಿಯೂ, ತಮ್ಮ ಸೆಲ್ಲುಗಳ ಅನ್ನದಾತನೂ ಆದ
ಮುಕುಂದಯ್ಯ

ತಾ.ಕ.: ಮುಂದಿನ ವರ್ಷವೂ ಅದೇ ಕಥೆ ಬೇಕೆಂದು ಜನ ಹಟ ಹಿಡಿದಿದ್ದಾರೆ. ಆಗ ಯೋಬ ಸುಬ್ಬರಾಯರಂತೆ, ಗೆಳೆಯ ನಾನಂತೆ. ಅಭ್ಯಾಸಕ್ಕೆ ತಮ್ಮನ್ನು ಕಳುಹಿಸಿಕೊಡಲು ಅವರು ಟೀಚರನ್ನು ಕೇಳಿದ್ದಾರೆಂದು ತಿಳಿಯಿತು. ತಮ್ಮನ್ನು ಟೀಚರ್ ಮನೆಗೆ ಹಿಂತಿರುಗಿಸುವ ಮುನ್ನ ನಾನು ಕೆಂಪು ಗುಂಡಿ ಒತ್ತಿ, ಖಾಲಿ ಉಳಿದಿದ್ದ ಒಂದು ಜಾಗದಲ್ಲಿ ಅಯ್ಯನವರ ಬೆಲ್ಲದ ಕಂಠವನ್ನೇ ಅನುಕರಿಸಿ ಇನ್ನೊಂದು ವಾಕ್ಯ ಸೇರಿಸಿದ್ದೇನೆ. ಯಾವ ಕ್ಯಾಸೆಟ್ಟು, ಯಾವ ವಾಕ್ಯ ಎಂಬುದನ್ನು ತಾವು ದಯವಿಟ್ಟು ಬಾಯಿ ಬಿಡಬಾರದು. ಸುಬ್ಬರಾಯರು ತುಂಬಿದ ಸಭೆಯಲ್ಲಿ ಅದನ್ನು ಆಡಿದ ದಿನ, ಅವರ ಮಂಡಿಯ ಮೇಲಿಡಲು ನನ್ನ ಕೈ ಸಿದ್ಧವಾಗಿದೆ.