ಹೇಳಿದ ಹೊತ್ತಿಗೇ ಬಂದಿಳಿದ ದೊಡ್ಡಪ್ಪನವರ ಮೇಲೆ ಒಂದು ತಕರಾರು

ಮಾನ್ಯ ದೊಡ್ಡಪ್ಪನವರ ಘನವಾದ ರೆಕ್ಕೆಗಳ ಸನ್ನಿಧಾನಕ್ಕೆ,

ವಿಮಾನ ಪ್ರೇಮಿಗಳ ಸಂಘದ ಕಾರ್ಯದರ್ಶಿಯೂ, ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ ಇಟ್ಟುಕೊಂಡವನೂ ಆದ ನಾನು ತಮ್ಮ ಮೂಗಿನಿಂದ ಬಾಲದವರೆಗಿನ ಎಲ್ಲ ಭಾಗಗಳಿಗೂ ಬೇರೆ ಬೇರೆಯಾಗಿ ನಮಸ್ಕರಿಸಿ ಮಾಡಿಕೊಳ್ಳುವ ಅರಿಕೆ ಏನೆಂದರೆ, ನಾವು ಇಲ್ಲಿ ಕ್ಷೇಮವಾಗಿಲ್ಲ. ತಾವು ಮಾತ್ರ ಮೂರೂ ಎಂಜಿನ್ನುಗಳನ್ನು ತಣ್ಣಗೆ ಮಾಡಿಕೊಂಡು, ಕಿಟಕಿಗಳಿಗೆಲ್ಲ ಪರದೆ ಎಳೆದುಕೊಂಡು, ನಿಲ್ದಾಣದ ಆಚೆ ಮೂಲೆಯಲ್ಲಿ ಹುಲ್ಲಿನ ಪಕ್ಕ ನೆಮ್ಮದಿಯಾಗಿ ನಿಂತಿರುವುದನ್ನು ಬೇಲಿಯ ಸಂದಿಯಿಂದ ನೋಡಿ ತಿಳಿದಿದ್ದೇವೆ. ಕಾವಲಿನವರು ಒಳಗೆ ಬಿಡದ ಕಾರಣ ಈ ಪತ್ರವನ್ನು ಬಹಿರಂಗವಾಗಿ, ಅಂದರೆ ಬೇಲಿಯ ಹೊರಗೆ ನಿಂತೇ, ಬರೆಯಬೇಕಾಗಿದೆ. ತಾವು ದೊಡ್ಡವರು, ಅಷ್ಟು ದೂರದಿಂದಲೂ ಓದಿಕೊಳ್ಳಬಲ್ಲಿರಿ. ಓದಲಾಗದಿದ್ದರೆ ಅಂಗಡಿಗೆ ಹೇಳಿ ಕಳಿಸಿ, ತಮ್ಮ ಮುಖದ ಅಳತೆಗೆ ಕನ್ನಡಕ ಮಾಡಿಸಿಕೊಡುವ ಭಾರ ನನ್ನದು.

ತಮ್ಮ ಮೇಲೆ ನಮ್ಮ ದೂರು ಒಂದೇ. ತಮ್ಮ ಮಾದರಿಯ ವಿಮಾನಗಳಲ್ಲೆಲ್ಲ ಕೊನೆಯವರಾಗಿ ಉಳಿದಿದ್ದ ತಾವು, ತಮ್ಮ ಕೊನೆಯ ಹಾರಾಟದ ದಿನ, ಇಡೀ ಜೀವಮಾನದಲ್ಲಿ ಮೊಟ್ಟಮೊದಲ ಸಲ, ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಇಳಿದುಬಿಟ್ಟಿರಿ. ಮಾನ್ಯರೇ, ಇದು ಮರ್ಯಾದಸ್ಥರು ಮಾಡುವ ಕೆಲಸವೇ?

ತಡವಾಗಿ ಬರುವುದು ತಮ್ಮ ದೋಷವೆಂದು ಪ್ರಯಾಣಿಕರು ಗೊಣಗಿರಬಹುದು, ನಮ್ಮ ಸಂಘ ಎಂದೂ ಹಾಗೆ ಎಣಿಸಿಲ್ಲ. ಹೊತ್ತಿಗೆ ಸರಿಯಾಗಿ ಬರುವ ವಿಮಾನ ಬಂತು, ಇಳಿಯಿತು, ಮುಗಿಯಿತು; ಅದರಲ್ಲಿ ಪ್ರೀತಿಸುವುದಕ್ಕೆ ಏನಿದೆ? ತಾವು ಒಂದು ದಿನ ಮಂಜಿನ ನೆಪ ಹೇಳಿದಿರಿ, ಒಂದು ದಿನ ಚಕ್ರದ ಗಾಳಿಯ ನೆಪ ಹೇಳಿದಿರಿ, ಇನ್ನೊಂದು ದಿನ ನೆಪವನ್ನೂ ಹೇಳದೆ ಬರೀ ಮನಸ್ಸಿಲ್ಲವೆಂದು ಅಲ್ಲೇ ನಿಂತಿರಿ, ಮತ್ತು ಆ ಪ್ರತಿಯೊಂದು ದಿನವೂ ನಾವು ಈ ಬೇಲಿಯ ಬಳಿ ಕ್ಯಾಮೆರಾ ಹಿಡಿದು, ಆಕಾಶದ ಕಡೆ ಕತ್ತು ಚಾಚಿ, ಒಬ್ಬರಿಗೊಬ್ಬರು ಬಂಧುಗಳಾದೆವು. ನಮ್ಮ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ತಮ್ಮನ್ನು ಕಾಯುತ್ತಲೇ ನನ್ನ ದವಡೆ ಹಲ್ಲುಗಳನ್ನೆಲ್ಲ ಪರೀಕ್ಷಿಸಿದ್ದಾರೆ. ಅವರು ಒಂದು ಹದ್ದನ್ನು ತಾವೆಂದು ತಿಳಿದು ಎಲ್ಲರಿಂದ ಚಪ್ಪಾಳೆ ತಟ್ಟಿಸಿದ ಮೇಲೆ ನಾನು ಅವರ ಕಣ್ಣು ಪರೀಕ್ಷಿಸಿದ್ದೇನೆ. ಇಂಥ ಸಂಬಂಧಗಳನ್ನು ಕಟ್ಟಿಕೊಟ್ಟ ಹಿರಿಯರೆಂದೇ ನಾವು ತಮ್ಮನ್ನು ದೊಡ್ಡಪ್ಪ ಎಂದು ಕರೆದದ್ದು.

ಇನ್ನು ನನ್ನ ಸೋದರತ್ತೆಯ ವಿಷಯ. ತಾವು ಅವರನ್ನು ನೋಡಿರಲಿಲ್ಲ, ಆದರೆ ಇಷ್ಟು ವರ್ಷ ತಮ್ಮ ಮಾನ ಕಾಪಾಡಿದವರು ಅವರೇ. ನಿಲ್ದಾಣದ ಮೈಕಿನ ಮುಂದೆ ಕೂತು, ತಾವು ಬರುವುದು ವಿಳಂಬವಾಗಲಿದೆಯೆಂದೂ ಅದಕ್ಕಾಗಿ ಕ್ಷಮಿಸಬೇಕೆಂದೂ, ಕೆಲಸಕ್ಕೆ ಸೇರಿದ ದಿನದಿಂದ ಬಿಟ್ಟ ದಿನದವರೆಗೆ ತಮ್ಮ ಪರವಾಗಿ ಲೋಕದ ಮುಂದೆ ಕೇಳಿಕೊಂಡವರು. ಅವರ ದನಿ ಎಷ್ಟು ಹಿತವಾಗಿತ್ತೆಂದರೆ ಜಗಳಕ್ಕೆ ಎದ್ದು ನಿಂತವರು ಅದನ್ನು ಕೇಳಿ ಮತ್ತೆ ಕೂತುಕೊಳ್ಳುತ್ತಿದ್ದರು. ನಾವು ತಮಗೆ ದೊಡ್ಡಪ್ಪ ಎಂದು ಹೆಸರಿಟ್ಟದ್ದನ್ನು ಕೇಳಿದ ದಿನ ಅವರು, "ನಿನಗೆ ದೊಡ್ಡಪ್ಪ ಆದ್ರೆ ನನಗೆ ಅಣ್ಣ ಆಗ್ಬೇಕಲ್ಲೋ. ಸರಿ ಬಿಡು, ಅಣ್ಣ ಮಾಡಿದ್ದಕ್ಕೆ ತಂಗಿ ತಪ್ಪಾಯ್ತು ಅನ್ನೋದು ಯಾರ ಮನೇಲಿಲ್ಲ" ಎಂದು ನಕ್ಕರು. ಆಮೇಲೆ ಅವರ ಜಾಗಕ್ಕೆ ಯಂತ್ರದ ದನಿ ಬಂತು. ಮನೆಗೆ ಬಂದ ಅತ್ತೆ ಮಾತನ್ನೇ ಕಡಿಮೆ ಮಾಡಿದರು. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಬೆರಳು ತೋರಿಸುವಷ್ಟಕ್ಕೆ ಬಂದರು.

ಆದ್ದರಿಂದ ತಮ್ಮ ನಿವೃತ್ತಿಯ ಸುದ್ದಿ ಬಂದ ಕೂಡಲೇ ನಾನು ನಿಲ್ದಾಣದ ಮ್ಯಾನೇಜರರ ಬಳಿ ಹೋಗಿ, ತಮ್ಮ ಕೊನೆಯ ವಿಳಂಬವನ್ನು ನಮ್ಮ ಅತ್ತೆಯೇ ಘೋಷಿಸುವಂತಾಗಲಿ ಎಂದು ಬೇಡಿಕೊಂಡೆ. ಅವರು ಮರುಮಾತಿಲ್ಲದೆ ಒಪ್ಪಿದರು, ಯಾಕೆಂದರೆ ತಾವು ತಡವಾಗಿ ಬರುವ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ. ಕಟ್ಟಡದ ಮೂಲೆಮೂಲೆಗೂ ಕೇಳಿಸುವ ಕೈಮೈಕೊಂದನ್ನು ಕೊಟ್ಟು, ಅತ್ತೆಯನ್ನು ಪ್ರಯಾಣಿಕರು ಕಾಯುವ ಸಭಾಂಗಣದಲ್ಲಿ ಗಾಜಿನ ಗೋಡೆಯ ಪಕ್ಕ ಕೂರಿಸುವುದೆಂದು ತೀರ್ಮಾನವಾಯಿತು. ಅತ್ತೆ ಮನೆಯಲ್ಲಿ ಅಭ್ಯಾಸಕ್ಕೆ ತೊಡಗಿದರು. ಬಟ್ಟೆ ಒಣಗಿಸುವಾಗ, ತರಕಾರಿ ಹೆಚ್ಚುವಾಗ ಆ ಹಳೆಯ ದನಿ ಮತ್ತೆ ಹೊರಟಿತು. ನನ್ನ ಹೆಂಡತಿ ಅಂಗಡಿಗೆ ಫೋನು ಮಾಡಿ, "ನಿಮ್ಮತ್ತೆ ಬೆಳಿಗ್ಗೆಯಿಂದ ಬದನೆಕಾಯಿ ಹತ್ರ ಕ್ಷಮೆ ಕೇಳ್ತಾ ಇದಾರೆ, ತಡೀಲೋ ಬಿಡ್ಲೋ" ಎಂದು ವಿಚಾರಿಸಿದಳು. ಬಿಡು ಎಂದೆ. ಸಂಘಕ್ಕೆ ತಮ್ಮ ಕೊನೆಯ ಇಳಿತದ ಚಿತ್ರ ಎಷ್ಟು ಮುಖ್ಯವಾಗಿತ್ತೋ, ನನಗೆ ಅದಕ್ಕಿಂತ ಒಂದು ತೂಕ ಹೆಚ್ಚಾಗಿ ಅತ್ತೆಯ ದನಿ ಆ ಧ್ವನಿವರ್ಧಕಗಳಲ್ಲಿ ಇನ್ನೊಂದೇ ಸಲ ಕೇಳಿಸಬೇಕಾಗಿತ್ತು.

ಆ ದಿನ ನಾವು ಬೇಗನೆ ಬಂದೆವು. ವಿಮಾನಗಳ ವೇಳೆ ತೋರಿಸುವ ತೆರೆಯ ಮೇಲೆ ತಮ್ಮ ಹೆಸರಿನ ಮುಂದೆ 'ಸಕಾಲ' ಎಂದು ಬಂದಿತ್ತು. ಅದನ್ನು ನೋಡಿ ನಕ್ಕೆವು, ಏಕೆಂದರೆ ಆ ತೆರೆ ತಮ್ಮ ವಿಷಯದಲ್ಲಿ ಎಂದೂ ನಿಜ ಹೇಳಿದ್ದಲ್ಲ. ಅಂದಮೇಲೆ ಮಾಮೂಲಿನ ತಡಕ್ಕೆ ಹಬ್ಬದ ದಿನದ ತಡವನ್ನೂ ಸೇರಿಸಿ ಲೆಕ್ಕ ಹಾಕಿದವನು ನಾನೇ, ಅತ್ತೆಯನ್ನು ಅವರ ಜಾಗದಲ್ಲಿ ಕೂರಿಸಿ ಉಳಿದವರನ್ನೆಲ್ಲ ಕ್ಯಾಂಟೀನಿಗೆ ಕರೆದೊಯ್ದವನೂ ನಾನೇ. ಅಲ್ಲಿ ಹಲ್ಲಿನ ಡಾಕ್ಟರು ವರ್ಷಗಟ್ಟಲೆ ಹಿಡಿದಿಟ್ಟಿದ್ದ ತಮ್ಮ ಇಳಿತಗಳ ಸದ್ದನ್ನು ದೊಡ್ಡದೊಂದು ಸ್ಪೀಕರಿನಲ್ಲಿ ಕೇಳಿಸಿ, ಇದು ಮಳೆಗಾಲದ್ದೋ ಬೇಸಿಗೆಯದ್ದೋ ಗುರುತಿಸಿ ಎಂದು ಸ್ಪರ್ಧೆ ಇಟ್ಟರು. ನಾವೆಲ್ಲ ಕಣ್ಣುಮುಚ್ಚಿ, ಟೀ ಹಿಡಿದು, ಭಕ್ತಿಯಿಂದ ಕೇಳುತ್ತಿದ್ದೆವು.

ಹಾಗೆ ಕೇಳುತ್ತಿರುವಾಗ ಒಂದು ಇಳಿತ ಉಳಿದೆಲ್ಲಕ್ಕಿಂತ ಅದ್ಭುತವಾಗಿತ್ತು. ಕಿಟಕಿಯ ಗಾಜು ಕಂಪಿಸಿತು, ಟೀ ಲೋಟಗಳು ತಟ್ಟೆಯ ಮೇಲೆ ಕುಣಿದವು, ಕ್ಯಾಂಟೀನಿನ ಯಜಮಾನನ ಬನ್ನುಗಳ ಗೋಪುರ ಮೆಲ್ಲಗೆ ಒಂದು ಕಡೆ ವಾಲಿತು. ಇಂಥ ಸ್ಪಷ್ಟತೆ ಯಾವ ರೆಕಾರ್ಡಿಂಗಿನಲ್ಲೂ ಕಂಡಿಲ್ಲವೆಂದು ನಾವು ಎದ್ದು ನಿಂತು ಡಾಕ್ಟರಿಗೆ ಚಪ್ಪಾಳೆ ತಟ್ಟಿದೆವು. ಅವರೂ ಎದೆಯ ಮೇಲೆ ಕೈಯಿಟ್ಟು ಬಾಗಿ, ಅಭಿನಂದನೆಗಳನ್ನು ಸ್ವೀಕರಿಸಿ, ಸಂಕೋಚದಿಂದ ಗುಂಡಿ ಒತ್ತಿ ಸ್ಪೀಕರನ್ನು ನಿಲ್ಲಿಸಿದರು. ಸದ್ದು ನಿಲ್ಲಲಿಲ್ಲ.

ಆಮೇಲಿನ ನೂಕುನುಗ್ಗಲನ್ನು ವರ್ಣಿಸಿ ತಮ್ಮನ್ನು ನಗಿಸಲು ಇಷ್ಟವಿಲ್ಲ. ನಾವು ಹೊರಗೆ ಓಡಿ ಬರುವಷ್ಟರಲ್ಲಿ ತಾವು ಏನೂ ಅರಿಯದವರಂತೆ ತಮ್ಮ ಜಾಗದಲ್ಲಿ ನಿಂತಾಗಿತ್ತು. ತಮ್ಮ ಗೌರವಕ್ಕೆ ಎರಡು ಕಡೆಯಿಂದ ನೀರು ಚಿಮ್ಮಿಸಿ ಕಮಾನು ಕಟ್ಟಬೇಕಾಗಿದ್ದ ಅಗ್ನಿಶಾಮಕದವರೂ ನನ್ನ ಲೆಕ್ಕವನ್ನು ನಂಬಿ ನಮ್ಮ ಜೊತೆಗೇ ಟೀ ಕುಡಿಯುತ್ತಿದ್ದರಷ್ಟೇ. ಗಾಬರಿಯಲ್ಲಿ ಓಡಿಹೋಗಿ ನೀರು ಬಿಟ್ಟದ್ದು ಸೂಟ್‌ಕೇಸುಗಳ ಗಾಡಿಯ ಮೇಲೆ. ಅದರ ಚಾಲಕ ತೊಯ್ದು ತೊಪ್ಪೆಯಾಗಿ, ತಾನು ಯಾವ ಸಾಧನೆ ಮಾಡಿದೆನೆಂದು ತಿಳಿಯದೆ, ಆದರೂ ಇರಲಿ ಎಂದು ನಮಗೆಲ್ಲ ಕೈಬೀಸಿದ. ಸಂಘದ ಕ್ಯಾಮೆರಾಗಳಲ್ಲಿ ಅಂದು ಸೆರೆಯಾದ ಏಕೈಕ ಐತಿಹಾಸಿಕ ಚಿತ್ರ ಅವನದೇ.

ಇಷ್ಟೆಲ್ಲ ನಡೆಯುವಾಗ ನನ್ನ ಅತ್ತೆ ಗಾಜಿನ ಗೋಡೆಯ ಪಕ್ಕ, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮನ್ನೇ ನೋಡುತ್ತ ಕೂತಿದ್ದರು. ತಾವು ಮೋಡದಿಂದ ಹೊರಬಂದದ್ದು, ಚಕ್ರ ಚಾಚಿದ್ದು, ನೆಲ ಮುಟ್ಟಿದ್ದು ಎಲ್ಲವನ್ನೂ ಅವರು ಒಬ್ಬರೇ ಕಂಡಿದ್ದರು. ಮೈಕಿನಲ್ಲಿ ಒಂದು ಮಾತು ಆಡಿದ್ದರೆ ಕ್ಯಾಂಟೀನಿನ ಸ್ಪೀಕರನ್ನೂ ಮೀರಿ ಕೇಳಿಸುತ್ತಿತ್ತು. ಡಾಕ್ಟರು ಏದುಸಿರು ಬಿಡುತ್ತ ಯಾಕೆ ಹೇಳಲಿಲ್ಲವೆಂದು ಕೇಳಿದರೆ, ಅವರು ತಣ್ಣಗೆ, "ತಡ ಆದ್ರೆ ಹೇಳಿ ಅಂದಿದ್ರಿ. ತಡ ಆಗ್ಲಿಲ್ಲ" ಎಂದರು. ಇಳಿದದ್ದು ಹೇಗಿತ್ತು, ಗಾಳಿ ಯಾವ ಕಡೆಯಿಂದಿತ್ತು, ಯಾವ ಚಕ್ರ ಮೊದಲು ತಾಗಿತು ಎಂದು ಮುಗಿಬಿದ್ದ ತಜ್ಞರಿಗೆ, "ಸೊಂಟನೋವಿರೋರು ಕುರ್ಚಿ ಮೇಲೆ ಕೂತ್ಕೊಳ್ಳಲ್ವಾ, ಹಾಗೆ. ಮೊದಲು ಒಂದು ಕಡೆ ಊರಿದ, ಆಮೇಲೆ ಇನ್ನೊಂದು ಕಡೆ, ಆಮೇಲೆ ಉಸ್ಸಪ್ಪಾ ಅಂದ" ಎಂದಷ್ಟೇ ಹೇಳಿದರು. ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ತಮ್ಮ ಕೊನೆಯ ಇಳಿತದ ತಾಂತ್ರಿಕ ವಿವರವೆಂದು ಅಚ್ಚಾಗುವುದು ಈ ಎರಡು ಸಾಲುಗಳು ಮಾತ್ರ.

ಈಗ ತಾವು ನಮಗೆ ನ್ಯಾಯ ದೊರಕಿಸಬೇಕು. ದಯಮಾಡಿ ಮತ್ತೊಮ್ಮೆ ಮೇಲೇರಿ, ಅಲ್ಲೇ ಎಲ್ಲಾದರೂ ಸುತ್ತಾಡಿಕೊಂಡು, ತಮ್ಮ ಘನತೆಗೆ ತಕ್ಕಷ್ಟು ತಡಮಾಡಿ ಇಳಿಯುವುದು. ಮೈಯಲ್ಲಿ ಅಷ್ಟು ಶಕ್ತಿ ಇಲ್ಲದಿದ್ದರೆ ಸುಲಭದ ದಾರಿಯೊಂದಿದೆ: ಅಂದು ಇಳಿದದ್ದು ಆ ದಿನದ ವಿಮಾನವಲ್ಲ, ಅದರ ಹಿಂದಿನ ದಿನದ್ದು, ಪೂರ್ತಿ ಒಂದು ದಿನ ತಡವಾಗಿ ಬಂದದ್ದು ಎಂದು ತಾವು ಒಪ್ಪಿಕೊಂಡರೆ ಸಾಕು. ಹಾಗಾದಲ್ಲಿ ಕೊನೆಯ ದಿನದ ವಿಮಾನ ಇನ್ನೂ ಬರಬೇಕಾಗಿದೆ ಎಂದಾಗುತ್ತದೆ, ಬಾರದವರಿಗೆ ನಿವೃತ್ತಿ ಕೊಡಲು ಬರುವುದಿಲ್ಲ, ನಾವು ಮೊದಲಿನಂತೆ ಬೇಲಿಯ ಬಳಿ ಕಾಯುತ್ತೇವೆ, ಮತ್ತು ಅತ್ತೆ ಜೀವನ ಪರ್ಯಂತ ಮೈಕು ಹಿಡಿದು ತಮ್ಮ ವಿಳಂಬವನ್ನು ಸಾರುತ್ತಿರಬಹುದು.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಅತ್ತೆಗೆ ಓದಿ ಹೇಳಿದೆ, ಅವರಿಗಾದ ಅನ್ಯಾಯಕ್ಕೆ ಹೋರಾಡುತ್ತಿದ್ದೇನೆಂದು ಸಂತೋಷಪಡುವರೆಂದುಕೊಂಡು. ಅವರು ಬಟಾಣಿ ಸುಲಿಯುವುದನ್ನು ನಿಲ್ಲಿಸಿ, ಅನ್ಯಾಯ ಯಾರಿಗೆ ಆಯಿತೆಂದು ಕೇಳಿದರು. ಆಮೇಲೆ ನಾನು ಕೇಳದೆಯೇ ಹೇಳಿದರು: ಪ್ರಕಟಣೆಯ ಕೋಣೆಗೆ ಕಿಟಕಿಯೇ ಇರಲಿಲ್ಲವಂತೆ, ಫೋನಿನಲ್ಲಿ ಹೇಳಿದ್ದನ್ನು ಮೈಕಿನಲ್ಲಿ ಹೇಳುವುದಷ್ಟೇ ಕೆಲಸ, ತಾವು ಇಳಿಯುವ ಹೊತ್ತಿಗೆ ಅವರು ಮುಂದಿನ ವಿಮಾನದ ಪ್ರಯಾಣಿಕರನ್ನು ಕರೆಯುತ್ತಿರಬೇಕಿತ್ತು, ಹೀಗೆ ಇಡೀ ನೌಕರಿಯಲ್ಲಿ ತಾವು ನೆಲಕ್ಕಿಳಿಯುವುದನ್ನು ಅವರು ಒಂದು ಸಲವೂ ಕಂಡಿರಲಿಲ್ಲ. ಕಂಡ ಮೇಲಾದರೂ ಒಂದು ಕೂಗು ಹಾಕಬಾರದಿತ್ತೇ ಎಂದು ನಾನು ಸಿಡುಕಿದೆ. ಅತ್ತೆ ನನ್ನ ಮುಖವನ್ನೇ ನೋಡಿ, "ಕೂಗಿದ್ರೆ ನೀವೆಲ್ಲ ಓಡಿ ಬಂದು ಮುಂದೆ ನಿಂತ್ಕೋತಿದ್ರಿ ಕಣೋ. ನನ್ನ ಎತ್ತರಕ್ಕೆ ನಿಮ್ಮ ಬೆನ್ನು ಕಾಣ್ತಿತ್ತು" ಎಂದರು.

ಮಾನ್ಯರೇ, ನಮ್ಮ ಬೆನ್ನುಗಳ ಪರವಾಗಿ ಹೇಳಲು ನನ್ನ ಬಳಿ ಏನೂ ಉಳಿದಿಲ್ಲ. ಮೇಲಿನ ಬೇಡಿಕೆಗಳನ್ನು ತಾವು ಈಡೇರಿಸದಿದ್ದರೂ ನಡೆದೀತು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಬೇಲಿಯಾಚೆಯ ಕನ್ನಡಕದವನು

ತಾ.ಕ.: ತಮ್ಮ ಜಾಗಕ್ಕೆ ಬಂದಿರುವ ಹೊಸ ವಿಮಾನ ಮೊನ್ನೆ ಬಹಳ ಹೊತ್ತು ತಡಮಾಡಿತು. ಗಲಾಟೆ ತಡೆಯಲಾಗದೆ ಮ್ಯಾನೇಜರರು ಅತ್ತೆಗೆ ಫೋನು ಮಾಡಿ, ಬಂದು ಮೈಕಿನಲ್ಲಿ ನಾಲ್ಕು ಮಾತು ಹೇಳುವಿರಾ ಎಂದು ಕೇಳಿಕೊಂಡರು. "ಬಂದು ಮುಖ ತೋರಿಸ್ಲಿ, ಆಮೇಲೆ ನೋಡೋಣ" ಎಂದು ಅತ್ತೆ ಫೋನಿಟ್ಟು, ನನಗಿಂತ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಬೇಲಿಯ ಕಡೆ ಹೊರಟರು. ನಾವೆಲ್ಲ ಅವರ ಹಿಂದೆ ನಿಂತೆವು. ಬಂದಿಳಿದ ಹೊಸ ಹುಡುಗ ಪರವಾಗಿಲ್ಲ. ತಮಗೆ ಹೊಟ್ಟೆಕಿಚ್ಚಾಗಲಿ ಎಂದೇ ತಿಳಿಸಿದ್ದೇನೆ.