ಜಪ್ಪಯ್ಯ ಎಂದರೂ ತೆರೆಯದ ನಮ್ಮ ಕೋಣೆಯ ಕಿಟಕಿಗೆ

ಮೂರನೇ ಮಹಡಿಯ ಒಂಟಿ ಕೋಣೆಯ ಗೋಡೆಯಲ್ಲಿ ಬಹುಕಾಲದಿಂದ ವಿರಾಜಮಾನರಾಗಿರುವ ಕಿಟಕಿಯವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುವ ಧೈರ್ಯ ನನಗಿಲ್ಲ. ಕಾರಣವನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಬಟ್ಟೆ ಒಗೆಯುವ ಯಂತ್ರದ ಕಂಪನಿಗೆ ಬರುವ ದೂರುಗಳನ್ನು ಫೋನಿನಲ್ಲಿ ಕೇಳಿ, "ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎನ್ನುವುದೇ ನನ್ನ ಹೊಟ್ಟೆಪಾಡು. ಸ್ವಂತ ದೂರು ಬರೆಯುತ್ತಿರುವುದು ಇದೇ ಮೊದಲಾದ್ದರಿಂದ ಹೆಚ್ಚುಕಡಿಮೆಯಾದರೆ ಮನ್ನಿಸಬೇಕು.

ಸಾಂಕ್ರಾಮಿಕ ಕಾಲಿಟ್ಟಾಗ ಆ ಕೋಣೆಯಲ್ಲಿ ಮೂವರಿದ್ದುದು ತಮಗೆ ಗೊತ್ತು. ನಾನು, ಆಸ್ಪತ್ರೆಯಲ್ಲಿ ನರ್ಸ್ ತರಬೇತಿಯಲ್ಲಿದ್ದ, ವಯಸ್ಸಿಗಿಂತ ಗತ್ತಿನಿಂದಲೇ ದೊಡ್ಡವಳಾದ ದೊಡ್ಡಕ್ಕ, ಅಂಗಡಿಯ ಬಿಲ್ ಕೌಂಟರಿನಲ್ಲಿ ಕೂರುವ ಕಾರಣ 'ಚಿಲ್ಲರೆ' ಎಂಬ ಬಿರುದು ಹೊತ್ತ ನಮ್ಮ ಕಿರಿಯಳು. ಮೊದಲ ದಿನವೇ ದೊಡ್ಡಕ್ಕ ಕಾನೂನು ಹೊರಡಿಸಿದಳು: ಚಪ್ಪಲಿ ಮೆಟ್ಟಿಲ ಮೇಲೆ, ಹೊರಗಿನ ಬಟ್ಟೆ ಬಕೆಟ್ಟಿಗೆ, ಕೈಗೆ ಸೋಪು, ಮುಖಕ್ಕೆ ಮಾಸ್ಕು. ಚಿಲ್ಲರೆಯಂತೂ ಕೆಲಸದಿಂದ ಬಂದವಳೇ ಗೋಡೆಯನ್ನೂ ಮುಟ್ಟದೆ, ಕಳ್ಳಿಯ ಹಾಗೆ ಬಚ್ಚಲುಮನೆಗೆ ನುಗ್ಗುತ್ತಿದ್ದಳು. "ಇಷ್ಟೆಲ್ಲ ಸರಿ, ಕೋಣೆಗೆ ಗಾಳಿ ಎಲ್ಲಿಂದ ಬರುತ್ತೆ?" ಎಂದು ದೊಡ್ಡಕ್ಕ ಕೇಳಿದಾಗ ಮೂವರೂ ತಮ್ಮತ್ತ ತಿರುಗಿದೆವು.

ಅಂದು ಶುರುವಾದ ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ತಲೆತಲಾಂತರದ ಬಣ್ಣದ ಪದರಗಳು ತಮ್ಮನ್ನು ಚೌಕಟ್ಟಿಗೆ ಬೆಸೆದಿದ್ದವು. ಎಣ್ಣೆ ಬಿಟ್ಟೆವು, ಮೇಣ ಸವರಿದೆವು, ಅಡುಗೆಯ ಚಾಕುವಿನ ತುದಿಯನ್ನು ಬಲಿಕೊಟ್ಟೆವು, ಮೂವರೂ ಹೆಗಲು ಕೊಟ್ಟೆವು. ತಾವು ತುಟಿ ಎರಡು ಮಾಡಲಿಲ್ಲ. ಕೆಳಗಿನ ಮನೆಯಲ್ಲಿರುವ ಮನೆಯೊಡತಿ ಅಜ್ಜಿಗೆ ಫೋನ್ ಮಾಡಿದರೆ, "ಅದನ್ನ ಕಿಟಕಿ ಅಂತ ಯಾಕಮ್ಮ ಅಂದ್ಕೋತೀರಿ, ಬೆಳಕು ಬರೋ ಗೋಡೆ ಅಂದ್ಕೊಳ್ಳಿ" ಎಂದರು. ಅನುಕಂಪದ ಆಧಾರದ ಮೇಲೆ ಬೆರಳಗಲವಾದರೂ ತೆರೆಯಿರಿ, ಅದಾಗದಿದ್ದರೆ ವಾರಕ್ಕೊಮ್ಮೆ ಅರ್ಧ ದಿನ ಗೋಡೆಯ ಹುದ್ದೆಯಿಂದ ರಜೆ ಪಡೆಯಿರಿ ಎಂದು ನಾನು ಮನಸ್ಸಿನಲ್ಲೇ ವಿನಂತಿಸಿಕೊಂಡದ್ದೂ ತಮ್ಮ ಕಡತದಲ್ಲಿ ಎಲ್ಲೋ ಧೂಳು ತಿನ್ನುತ್ತಿರಬೇಕು.

ಆಮೇಲೆ ಚಿಲ್ಲರೆಗೆ ಜ್ವರ ಬಂತು. ದೊಡ್ಡಕ್ಕ ಆಸ್ಪತ್ರೆಯಲ್ಲೇ ಉಳಿಯಬೇಕಾಗಿ ಬಂದಿತ್ತು, ಕೋಣೆಯಲ್ಲಿ ನಾವಿಬ್ಬರೇ. ಚಿಲ್ಲರೆ ಗೋಡೆಯ ಕಡೆ ಮುಖ ಮಾಡಿ ಕೆಮ್ಮುತ್ತಾ, "ನೀನು ಹೊರಗಡೆ ಇರೇ, ನನಗೇನೂ ಆಗಲ್ಲ" ಎನ್ನುತ್ತಿದ್ದಳು. ಸುಳ್ಳೇಕೆ ಹೇಳಲಿ, ಮೆಟ್ಟಿಲ ಮೇಲೆ ಚಾಪೆ ಹಾಸುವ ಯೋಚನೆ ನನಗೆ ಬರದೇ ಇರಲಿಲ್ಲ. ದೊಡ್ಡಕ್ಕನಿಗೆ ಫೋನ್ ಮಾಡಿದೆ. ಉಸಿರು ಹೇಗಿದೆ, ಮಾತಾಡಿದರೆ ಏದುಸಿರು ಬರುತ್ತಾ ಎಂದೆಲ್ಲ ವಿಚಾರಿಸಿ, "ಸದ್ಯ ಮನೆಯಲ್ಲೇ ನೋಡ್ಕೋ. ಇಬ್ಬರೂ ಮಾಸ್ಕ್ ಹಾಕಿಕೊಳ್ಳಿ, ಬಾಗಿಲು ತೆಗೆದಿಡು. ಕಿಟಕಿ?" ಎಂದಳು. ಇಲ್ಲ ಎಂದೆ. "ಏನಾದ್ರೂ ಮಾಡು ಕಣೇ" ಎಂದಳು. ಕಾನೂನು ಹೊರಡಿಸುವ ಆ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿದ್ದೇ ಇಲ್ಲ.

ಆಗ ನನ್ನ ಕಚೇರಿಯೂ ಅದೇ ಕೋಣೆ. ಆ ಮಧ್ಯಾಹ್ನ, ಮನೆಯ ಬಟ್ಟೆ ಒಗೆಯುವ ಯಂತ್ರ ಗಡಗಡ ಎನ್ನುತ್ತದೆಂದು ಗ್ರಾಹಕರೊಬ್ಬರು ನನ್ನ ಕಿವಿಯಲ್ಲಿ ವಿವರಿಸುತ್ತಿದ್ದಾಗಲೇ, ಚಿಲ್ಲರೆಯನ್ನು ಬಾಗಿಲಾಚೆ ಕುರ್ಚಿಯಲ್ಲಿ ಕೂರಿಸಿ, ಇಸ್ತ್ರಿ ಪೆಟ್ಟಿಗೆಗೆ ಟವೆಲ್ ಸುತ್ತಿ, ತಮ್ಮ ಕೆಳಗಿನ ಗಾಜಿಗೆ ಒಂದು ಕೊಟ್ಟೆ. ಚೂರುಗಳು ಕೆಳಗಿನ ತಗಡಿನ ಸೂರಿನ ಮೇಲೆ ಬಿದ್ದ ಸದ್ದಿಗೆ ಗ್ರಾಹಕರು, "ನಿಮ್ಮದೂ ಹಾಗೇ ಶಬ್ದ ಮಾಡುತ್ತಲ್ಲಮ್ಮ" ಎಂದು ಸಮಾಧಾನಗೊಂಡು ಫೋನಿಟ್ಟರು.

ಸಾಂಕ್ರಾಮಿಕದ ಭಯಕ್ಕೆ ಹೊಸಿಲು ದಾಟದಿದ್ದ ಅಜ್ಜಿ ಅಂದು ಮೆಟ್ಟಿಲು ಹತ್ತಿ ಬಂದರು. ಮುಖಕ್ಕೆ ಮಾಸ್ಕು, ಕೈಯಲ್ಲಿ ಸುತ್ತಿಗೆ. ಅದು ನನ್ನ ತಲೆಗೇ ಎಂದುಕೊಂಡೆ. ದೂರದಲ್ಲೇ ನಿಂತು ಮೊದಲು ಚಿಲ್ಲರೆಯನ್ನು, ಆಮೇಲೆ ನನ್ನನ್ನು ನೋಡಿದರು.

"ಎಷ್ಟು ಗಾಜು ಒಡೆದೆ?"

"ಒಂದೇ ಅಜ್ಜಿ."

"ಮೇಲಿನದನ್ನ ಯಾಕೆ ಬಿಟ್ಟೆ? ಮೂಗಿನ ಒಂದೇ ಹೊಳ್ಳೆಯಲ್ಲಿ ಉಸಿರಾಡ್ತೀಯಾ?"

ಸುತ್ತಿಗೆಯನ್ನು ಮೆಟ್ಟಿಲ ಮೇಲಿಟ್ಟು ಇಳಿದು ಹೋದರು.

ಎರಡನೆಯ ಗಾಜಿನ ನಂತರ ನುಗ್ಗಿದ ಗಾಳಿಗೆ ಗೋಡೆಯ ಕ್ಯಾಲೆಂಡರು ಕೂಡ ಎದ್ದು ನಿಂತಿತು. ಮತ್ತೆ ಮಂಚ ಸೇರಿದ ಚಿಲ್ಲರೆ, "ಚಳಿ ಕಣೇ" ಎಂದು ಗೊಣಗಿ ಹೊದಿಕೆ ಎಳೆದುಕೊಂಡಳು. ಅಷ್ಟು ಹಿತವಾದ ದೂರನ್ನು ನಾನು ನನ್ನ ವೃತ್ತಿಜೀವನದಲ್ಲೇ ಕೇಳಿಲ್ಲ. ಅವಳ ಜ್ವರ ಇಳಿಯಿತು. ನನಗೆ ಸೋಂಕು ತಗುಲಲೇ ಇಲ್ಲ. ಅದು ಮಾಸ್ಕಿನ ಪುಣ್ಯವೋ ಸೋಪಿನದೋ ತಮ್ಮದೋ ಹೇಳಲಾರೆ, ತಾವೇ ಹೆಗ್ಗಳಿಕೆ ಹೊತ್ತುಕೊಂಡರೆ ನಮ್ಮ ಆಕ್ಷೇಪವಿಲ್ಲ. ಕೆಲವು ವಾರಗಳ ಮೇಲೆ ಬಡವಾಗಿ ಬಂದ ದೊಡ್ಡಕ್ಕ ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು, ಕೈ ತೊಳೆದು, ತಮ್ಮ ಕೆಳಗೇ ಚಾಪೆ ಹಾಸಿ ಸಂಜೆಯವರೆಗೆ ನಿದ್ದೆ ಹೊಡೆದಳು.

ಆದ್ದರಿಂದ ಮಾನ್ಯರೇ, ತಮಗಾದ ಅನಾನುಕೂಲಕ್ಕೆ ನಾವು ಎಳ್ಳಷ್ಟೂ ವಿಷಾದಿಸುವುದಿಲ್ಲ ಎಂದು ತಿಳಿಸಲು ಹರ್ಷಿಸುತ್ತೇನೆ.

ಸರಾಗವಾಗಿ ಉಸಿರಾಡುತ್ತಿರುವ,
ತಮ್ಮ ವಿಶ್ವಾಸಿ,
ಮೂರನೇ ಮಹಡಿಯ ನಡುವಿನವಳು

ತಾ.ಕ.: ತಮ್ಮಷ್ಟೇ ಹಟಮಾರಿ ಎಂದು ಹೆಸರಾಗಿದ್ದ ಬಚ್ಚಲುಮನೆಯ ಕಿಟಕಿಯವರು, ಸುತ್ತಿಗೆ ಕೈಯಲ್ಲಿ ಹಿಡಿದು ನಾನು ಆ ಕಡೆ ಹೋದೊಡನೆ, ಒಂದೇ ಬೆರಳಿಗೆ ತೆರೆದುಕೊಂಡರು.