ಕುತ್ತಿಗೆ ಮಟ್ಟದ ಫೋಟೊ

ನನ್ನ ಡೈರಿಯಲ್ಲಿ ಬರೆದದ್ದನ್ನು ನಾನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಬರೆದವನ ಪರಿಚಯ ನನಗೆ ಚೆನ್ನಾಗಿದೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದಾಗ ಅಂಟಿದ ರೋಗವಿದು, ಏನು ಕಂಡರೂ ಸಾಕ್ಷಿ ಕೇಳುವುದು. ನಮ್ಮ ಶಹಾಪುರದ ಬೆಟ್ಟದ ಸಾಲು ಮಲಗಿದ ಬುದ್ಧನಂತಿದೆ ಎಂದು ಬಂದ ನೆಂಟರಿಗೆಲ್ಲ ತೋರಿಸುತ್ತೇನೆ. ಒಮ್ಮೆ ಒಬ್ಬರು ಬಹಳ ಹೊತ್ತು ನೋಡಿ, "ಮೂಗು ಕಂಡಿತು" ಎಂದು ಭಕ್ತಿಯಿಂದ ಕೈಮುಗಿದರು. ಅವರು ನೋಡುತ್ತಿದ್ದದ್ದು ಎದುರು ಮನೆಯ ನೀರಿನ ಟ್ಯಾಂಕು. ಕಣ್ಣಿನ ಕಥೆಯೇ ಹೀಗಾದರೆ ನೆನಪಿನ ಕಥೆ ಕೇಳಬೇಕೆ?

ಆದ್ದರಿಂದ ಈ ಸಲದ ರಜೆಯಲ್ಲಿ ಗೋಕರ್ಣಕ್ಕೆ ಹೊರಟಾಗ, ಯಾವ ಕ್ಯಾಮೆರಾ ಒಯ್ಯಬೇಕೆಂದು ನನಗೂ ಹೆಂಡತಿ ಸರೋಜಾಳಿಗೂ ಜಗಳವಾಯಿತು. ಅವಳದು ಡಿಜಿಟಲ್. ನನ್ನದು ಓದುವ ಕಾಲದ ರೀಲಿನ ಕ್ಯಾಮೆರಾ. ಕೊನೆಗೆ ಎರಡೂ ಹೊರಟವು. ಡಿಜಿಟಲ್ಲಿನಲ್ಲಿ ಬೇಡವಾದದ್ದನ್ನು ಅಳಿಸಬಹುದು, ರೀಲು ಸುಳ್ಳು ಹೇಳುವುದಿಲ್ಲ, ಇರುವುದು ಮೂವತ್ತಾರೇ ಫೋಟೊ ಎಂದಾಗ ಮನುಷ್ಯ ಯೋಚಿಸಿ ಒತ್ತುತ್ತಾನೆ ಎಂಬ ನನ್ನ ಭಾಷಣ ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಶುರುವಾಗಿ ಹುಬ್ಬಳ್ಳಿಯ ತನಕ ನಡೆಯಿತು.

"ನೀವು ಯೋಚನಿ ಮಾಡೋದ್ರಾಗ ಸೂರ್ಯ ಮುಳಗಿರ್ತಾನ್ರಿ," ಎಂದಳು ಸರೋಜಾ. ಮುಳುಗಿದ. ಅವಳು ಒಂಬೈನೂರು ಫೋಟೊ ಹೊಡೆದಳು. ಏಡಿಯದೇ ಇಪ್ಪತ್ತೇಳು. ಅಷ್ಟರಲ್ಲಿ ನಾನಿದ್ದದ್ದು ಒಂದರಲ್ಲಿ, ಅದರಲ್ಲೂ ಬಂದದ್ದು ಮೊಣಕೈ. ಅವಳಿಗೆ ಬೇಕಾಗಿದ್ದದ್ದು ಅದರಾಚೆಯ ಎಳನೀರಿನ ಗಾಡಿ.

ಊರಿಗೆ ಬಂದವನೇ ಡೈರಿಯಲ್ಲಿ "ಕುತ್ತಿಗೆ ಮಟ್ಟ ಸಮುದ್ರದಲ್ಲಿದ್ದೆ" ಎಂದು ಬರೆದೆ. ಸರೋಜಾ ಓದಿಬಿಟ್ಟಳು.

"ಕೃಷ್ಣಾ ಹೊಳ್ಯಾಗ ಹಿಮ್ಮಡ ತೋಯಿಸಾಕ ಅಂಜ್ತೀರಿ ನೀವು. ಫೋಟೋ ತೋರಸ್ರಿ, ಇಲ್ಲಂದ್ರ ಆ ಪುಟ ಹರೀರಿ."

ಇಪ್ಪತ್ತು ವರ್ಷದ ಡೈರಿಯಲ್ಲಿ ನಾನು ಒಂದು ಪುಟವನ್ನೂ ಹರಿದವನಲ್ಲ. ಪುಣ್ಯಕ್ಕೆ ಫೋಟೊ ಇತ್ತು. ಅವಳು ಏಡಿಯ ಹಿಂದೆ ಹೋಗಿದ್ದಾಗ, ನಮ್ಮ ಜೊತೆ ಬಂದಿದ್ದ ಅವಳ ತಾಯಿ, ದೇವಾಪುರದ ಅತ್ತೆಯವರು, ನಾನು ಹೇಳಿಕೊಟ್ಟ ಗುಂಡಿ ಒತ್ತಿದ್ದರು. ಆದರೆ ಅದು ರೀಲಿನೊಳಗಿತ್ತು. ಬೆಳಕು ಬಿದ್ದರೆ ರೀಲು ಹಾಳು; ಕತ್ತಲೆ ಕೋಣೆಯಲ್ಲಿ ಅದನ್ನು ಔಷಧಿಗೆ ಹಾಕಿ ಚಿತ್ರ ಮೂಡಿಸುವ ಕೆಲಸಕ್ಕೆ ನಾವೆಲ್ಲ ಅನ್ನುವುದು ತೊಳೆಯುವುದು ಎಂದೇ. ಹಾಗೆ ತೊಳೆಯುವವರು ಶಹಾಪುರ, ಸುರಪುರ, ಯಾದಗಿರಿಯಲ್ಲಿ ಎಲ್ಲೂ ಸಿಗಲಿಲ್ಲ. "ರೀಲು ತೊಳಸಬೇಕು, ಹೈದರಾಬಾದಿಗೆ ಕಳಸಬೇಕು" ಎಂದು ಹದಿನೈದು ದಿನ ಊಟಕ್ಕೆ ಕೂತಾಗಲೆಲ್ಲ ಹೇಳಿದೆ. ಹೇಳಿದರೆ ಅರ್ಧ ಕೆಲಸ ಮುಗಿದಂತೆ ಎಂದು ನಂಬಿದವನು ನಾನು.

ಒಂದು ರವಿವಾರ ಹಿತ್ತಲಿಗೆ ಹೋದರೆ, ಬಟ್ಟೆ ಒಣಹಾಕುವ ಹಗ್ಗದ ಮೇಲೆ, ನನ್ನ ಬನಿಯನ್ನಿಗೂ ದಿಂಬಿನ ಚೀಲಕ್ಕೂ ನಡುವೆ, ರೀಲು ಕ್ಲಿಪ್ಪು ಹಾಕಿಸಿಕೊಂಡು ತೂಗಾಡುತ್ತಿತ್ತು. ಗೋಕರ್ಣದಿಂದ ಬಂದು ನಮ್ಮಲ್ಲೇ ಉಳಿದಿದ್ದ ಅತ್ತೆಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ನೋಡ್ರಿ ಅಳಿಯಾರ, ಇಷ್ಟು ತೊಳ್ಯಾಕ ಹೈದ್ರಾಬಾದಿಗೆ ಯಾಕ ಕಳಸಬೇಕು, ನಾ ಇಲ್ಲೇನು? ಜಗ್ಗಿದಂಗ ಬಂತು ಒಳಗಿಂದು. ಎರಡು ಸಲ ಸಬಕಾರ ಹಚ್ಚೀನಿ. ಎಷ್ಟ್ ತಿಕ್ಕಿದ್ರೂ ಕೊಳಿ ಹೋಗವಲ್ದು."

ಅತ್ತೆಯ ಮುಂದೆ ದನಿ ಏರಿಸುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. "ಭಾಳ ಚೊಲೊ ಆತ್ರಿ," ಎಂದೆ.

"ಒಣಗಿದ ಮ್ಯಾಗ ಇಸ್ತ್ರಿ ಮಾಡ್ಲೇನ್ರಿ?"

ಸರೋಜಾ ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತುಬಿಟ್ಟಳು. "ಸಾಕ್ಷಿ ಹೋತು. ಹರೀರಿ ಪುಟ."

ಆಗ ನನಗೆ ಹೊಳೆಯಿತು. ಸಾಕ್ಷಿ ಎಲ್ಲಿ ಹೋಗಿದೆ? ಬಕೆಟ್ಟು ಹಿಡಿದುಕೊಂಡು ಎದುರಿಗೇ ನಿಂತಿದೆ. "ಅತ್ತಿ, ನೀವ ಹೇಳ್ರಿ. ಸಮುದ್ರದಾಗ ನೀರು ನನಗ ಎಲ್ಲಿ ತನಕ ಇತ್ತು?"

"ಕುತ್ತಿಗಿ ತನಕ ಇತ್ತಲ್ರಿ," ಎಂದರು, ಕ್ಷಣವೂ ಯೋಚಿಸದೆ.

ರೀಲೂ ಬೇಡ, ಡಿಜಿಟಲ್ಲೂ ಬೇಡ, ರಜೆಗೆ ಅತ್ತೆಯವರನ್ನು ಕರೆದುಕೊಂಡು ಹೋದರೆ ಸಾಕು ಎನಿಸಿತು. ಎದೆಯುಬ್ಬಿಸಿದೆ. ಸರೋಜಾ ಒಂದೇ ಪ್ರಶ್ನೆ ಕೇಳಿದಳು.

"ಯವ್ವಾ, ಇವರು ನಿಂತಿದ್ರೋ, ಕುಂತಿದ್ರೋ?"

"ಕುಂತಿದ್ರವ್ವಾ, ದಂಡಿ ಬಾಜೂಕ. ಅಲ್ಲೇ ಯಾರದೋ ಕೂಸು ನಿಂತಿತ್ತು. ಅದಕ ಟೊಂಕದ ತನಕ ಇತ್ತು ನೀರು."

"ಪುಟ ಹರೀಬ್ಯಾಡ್ರಿ," ಎಂದಳು ಸರೋಜಾ ಕಣ್ಣೊರೆಸಿಕೊಳ್ಳುತ್ತ. "ಒಂದು ಶಬ್ದ ಸೇರಸ್ರಿ, ಸಾಕು."

"ಕೂತು" ಎಂದು ಸಣ್ಣಗೆ ಸೇರಿಸಿದೆ. ಆದರೆ ನನ್ನನ್ನು ಕಾಡುವುದು ಬೇರೆ. ಮೊದಲು ಬರೆಯುವಾಗ ಆ ಶಬ್ದ ನನಗೆ ನಿಜಕ್ಕೂ ಮರೆತಿತ್ತೋ, ನೆನಪಿದ್ದೂ ಬಿಟ್ಟಿದ್ದೆನೋ? ಡೈರಿ ತಿರುವಿ ನೋಡಿದೆ. ಅದನ್ನು ಮಾತ್ರ ಆಸಾಮಿ ಎಲ್ಲೂ ಬರೆದಿಟ್ಟಿಲ್ಲ.